ಕ್ಯಾಮೆರಾಕ್ಕೆ ಕೋಟು ಹೊದಿಸಿದ ಹನ್ನೊಂದು ನಿಮಿಷ

ಮಾನ್ಯ ಮುಖ್ಯಾಧಿಕಾರಿಗಳೇ,

ಹೊರದೇಶದ ಖಾಸಗಿ ಅಕಾಡೆಮಿಗಳಿಗೆ ಇಂಗ್ಲಿಷ್ ಶಿಕ್ಷಕರನ್ನು ಆರಿಸಿ ಕಳುಹಿಸುವ ತಮ್ಮ ಕಚೇರಿಯಿಂದ ಕಳೆದ ವಾರ ನನಗೊಂದು ಪತ್ರ ಬಂದಿದೆ. 'ತರಗತಿಯ ಮೇಲೆ ನಿಯಂತ್ರಣವಿಲ್ಲ' ಎಂಬ ಕಾರಣಕ್ಕೆ ಈ ತಿಂಗಳ ಕೊನೆಗೆ ನನ್ನ ಒಪ್ಪಂದ ರದ್ದಾಗುತ್ತದೆ, ಮುಂದಿನ ಮೂರು ವರ್ಷ ನನ್ನ ಹೆಸರು ತಮ್ಮ ಪಟ್ಟಿಯಲ್ಲಿ ಇರುವುದಿಲ್ಲ ಎಂದು ಅದರಲ್ಲಿ ತಿಳಿಸಿದ್ದೀರಿ. ಸಾಕ್ಷಿಯಾಗಿ ಒಂದು ಫೋಟೊ ಲಗತ್ತಿಸಿದ್ದೀರಿ. ಆ ಫೋಟೊದಲ್ಲಿ ನಾನಿಲ್ಲ, ವಿದ್ಯಾರ್ಥಿಗಳಿಲ್ಲ, ತರಗತಿಯೂ ಇಲ್ಲ. ನೀಲಿ ಬಟ್ಟೆಯಿದೆ, ಅದರ ನಡುವೆ ಒಂದು ಗುಂಡಿಯಿದೆ. ಅದು ನನ್ನ ಕೋಟಿನ ಗುಂಡಿ. ಹದಿನಾಲ್ಕು ವರ್ಷ ಪಾಠ ಮಾಡಿದ ಶಿಕ್ಷಕಿಯೊಬ್ಬಳ ಯೋಗ್ಯತೆಯನ್ನು ಒಂದು ಗುಂಡಿಯಿಂದ ಅಳೆದ ಕೀರ್ತಿ ತಮ್ಮ ಕಚೇರಿಗೆ ಸಲ್ಲುತ್ತದೆ.

ಈ ಬಗ್ಗೆ ನಾನು ಮೂರು ಇ-ಮೇಲ್ ಕಳುಹಿಸಿದೆ. ಮೂರಕ್ಕೂ 'ನಿಮ್ಮ ಪತ್ರ ನಮಗೆ ಮುಖ್ಯ' ಎಂಬ ಉತ್ತರ ಒಂದು ಸೆಕೆಂಡಿನೊಳಗೆ ಬಂತು. ಅಷ್ಟು ಬೇಗ ಓದಿದವರಿಗೆ ಇನ್ನೊಮ್ಮೆ ಓದಿಸುವುದು ತಪ್ಪಲ್ಲವೆಂದು ಪತ್ರಿಕೆಯ ಮೂಲಕ ಬರೆಯುತ್ತಿದ್ದೇನೆ.

ಮೊದಲು ಜಾಗದ ವಿವರ. ಅಕಾಡೆಮಿ ಇರುವುದು ಒಂದು ವಾಣಿಜ್ಯ ಕಟ್ಟಡದ ಮೂರನೇ ಮಹಡಿಯಲ್ಲಿ. ಕೆಳಗೆ ಹಲ್ಲಿನ ಆಸ್ಪತ್ರೆ, ಮೇಲೆ ಪಿಯಾನೊ ತರಗತಿ. ಶಾಲೆ ಮುಗಿಸಿದ ಮಕ್ಕಳು ವ್ಯಾನಿನಲ್ಲಿ ಬಂದು ಇಳಿಯುತ್ತಾರೆ. ಆರು ಕೋಣೆಗಳಿವೆ. ಪ್ರತಿ ಕೋಣೆಯ ಹಿಂದಿನ ಮೂಲೆಯಲ್ಲಿ ಒಂದು ಕ್ಯಾಮೆರಾ ಬೋರ್ಡಿನ ಕಡೆ ಮುಖ ಮಾಡಿ ಕೂತಿದೆ. ನೆಲಮಹಡಿಯ ಹಜಾರದಲ್ಲಿ ತಾಯಂದಿರಿಗೆ ಸೋಫಾಗಳಿವೆ, ಎದುರಿಗೆ ಆರು ಚೌಕಗಳ ದೊಡ್ಡ ಪರದೆಯಿದೆ. ಚಿತ್ರ ಬರುತ್ತದೆ. ಸದ್ದು ಬರುವುದಿಲ್ಲ.

ಇದು ನನಗೆ ಗೊತ್ತಾಗಲು ಎರಡು ವಾರ ಬೇಕಾಯಿತು. ಮಕ್ಕಳಿಗೆ ಮೊದಲಿನಿಂದಲೂ ಗೊತ್ತಿತ್ತು. ನನ್ನ ತರಗತಿಯಲ್ಲಿ ಹದಿಮೂರು ಹದಿನಾಲ್ಕು ವಯಸ್ಸಿನ ಹನ್ನೆರಡು ಮಂದಿ. ಬೆನ್ನು ನೆಟ್ಟಗೆ, ಕೈ ಮೇಜಿನ ಮೇಲೆ, ಮುಖದಲ್ಲಿ ಭಕ್ತಿ. ನಾನು ಒಳಗೆ ಹೋದ ಕೂಡಲೇ ಎದ್ದು ನಿಂತು, ತಲೆ ಬಾಗಿಸಿ, ಒಂದೇ ರಾಗದಲ್ಲಿ ತಮ್ಮ ಭಾಷೆಯಲ್ಲಿ ಏನೋ ಹೇಳುತ್ತಿದ್ದರು. ನಾನೂ ತಲೆ ಬಾಗಿಸುತ್ತಿದ್ದೆ. ಊರಿನಲ್ಲಿ ಎಪ್ಪತ್ತೆರಡು ಮಕ್ಕಳ ತರಗತಿಯಲ್ಲಿ ಗಂಟಲು ಹರಿದುಕೊಂಡು ಬಂದವಳಿಗೆ ಇದು ಸ್ವರ್ಗವೆನಿಸಿತು.

ಸ್ವರ್ಗದ ಅನುವಾದ ಮಾಡಿಕೊಟ್ಟವರು ವ್ಯಾನಿನ ಡ್ರೈವರಣ್ಣ. ಅವರು ನಮ್ಮ ಕಡೆಯವರೇ. ಇಲ್ಲಿಗೆ ಬಂದು ಇಪ್ಪತ್ತೆರಡು ವರ್ಷವಾಯಿತು. ಮಕ್ಕಳು ದಿನಾ ಹೀಗೆ ಹೇಳುತ್ತಾರಲ್ಲ, ಅರ್ಥವೇನು ಎಂದು ಕೇಳಿದೆ. ಅವರು ಸ್ಟೇರಿಂಗ್ ಒರೆಸುವುದನ್ನು ಮುಂದುವರಿಸಿದರು.

"ಬಿಡಿ ಮೇಡಂ. ತಿಳ್ಕೊಂಡು ಏನ್ ಮಾಡ್ತೀರಾ?"

"ಹೇಳಿ ಅಣ್ಣ, ಪರವಾಗಿಲ್ಲ."

"ನಿಮಗೆ 'ಖಾಲಿ ಡಬ್ಬ' ಅಂತ ಹೆಸರಿಟ್ಟಿದಾರೆ. 'ಬಾ ಡಬ್ಬ, ಕೂತ್ಕೋ ಡಬ್ಬ, ಬೇಗ ಹೋಗು ಡಬ್ಬ' ಅಂತ. ಹಿಂದಿನ ಮೇಷ್ಟ್ರಿಗೆ ಇಟ್ಟಿದ್ದಕ್ಕೆ ಹೋಲಿಸಿದ್ರೆ ನಿಮ್ದು ಬಂಗಾರ, ಬಿಡಿ."

ಹಾಗಾಗಿ ಎರಡು ವಾರ ನಾನು ಆ ಹೆಸರಿಗೆ ತಲೆಬಾಗಿ ವಂದನೆ ಸಲ್ಲಿಸಿದ್ದೆ.

ಆಗ ತಮ್ಮ ಕಚೇರಿ ಕೊಟ್ಟ ಕೈಪಿಡಿಯನ್ನು ತೆರೆದೆ. ಪುಟ ಮೂವತ್ತೊಂದು: 'ಅಗೌರವ ತೋರುವ ವಿದ್ಯಾರ್ಥಿಯನ್ನು ಮುಗುಳ್ನಗೆಯಿಂದ ಎದುರಿಸಿ. ಧ್ವನಿ ಏರಿಸಬೇಡಿ, ಕೈ ಬೀಸಬೇಡಿ, ಪೋಷಕರಿಗೆ ಕಳವಳವಾಗುವ ಯಾವ ಭಂಗಿಯೂ ಬೇಡ.' ಇಡೀ ವಿಷಯಕ್ಕೆ ನಾಲ್ಕು ಸಾಲು. ಪ್ರಯಾಣದಲ್ಲಿ ಸೂಟ್‌ಕೇಸ್ ಕಳೆದುಹೋದರೆ ಏನು ಮಾಡಬೇಕೆಂಬುದಕ್ಕೆ ಎರಡು ಪುಟಗಳಿವೆ. ಇರಲಿ. ನಾನು ಪುಟ ಮೂವತ್ತೊಂದನ್ನು ಅಕ್ಷರಶಃ ಪಾಲಿಸಿದೆ. ಹೋಮ್‌ವರ್ಕ್ ಕೇಳಿದಾಗ ಹನ್ನೆರಡು ಖಾಲಿ ಪುಸ್ತಕಗಳು ಬಂದವು, ನಕ್ಕೆ. ಪ್ರಶ್ನೆ ಕೇಳಿದರೆ ಗೋಡೆಗೆ ಉತ್ತರ ಹೇಳಿದರು, ನಕ್ಕೆ. ನನ್ನ ನಡಿಗೆಯನ್ನು, ಉಚ್ಚಾರವನ್ನು, ನಾನು ಕನ್ನಡಕ ಏರಿಸುವ ರೀತಿಯನ್ನು ಕೂತಲ್ಲೇ ಅಣಕಿಸಿದರು, ನಕ್ಕೆ. ತುಟಿ ನೋಯುತ್ತಿತ್ತು.

ನಾನೂ ಸಾಚಾ ಅಲ್ಲ, ಅದನ್ನೂ ಹೇಳಿಬಿಡಬೇಕು. ಐದನೇ ವಾರದಿಂದ ನಗುನಗುತ್ತಲೇ ಕನ್ನಡದಲ್ಲಿ ಬೈಯಲು ಶುರು ಮಾಡಿದೆ. ಬೋರ್ಡಿನ ಮೇಲೆ ಕೈಯಿಟ್ಟು, ಪಾಠ ವಿವರಿಸುವ ಧಾಟಿಯಲ್ಲಿ, "ದರಿದ್ರಗಳಾ, ನಿಮ್ಮಮ್ಮಂದಿರು ಕೆಳಗೆ ಕೂತು ನೋಡ್ತಿದಾರೆ, ಇಲ್ದಿದ್ರೆ ನಿಮ್ಮ ಚರ್ಮ ಸುಲೀತಿದ್ದೆ" ಎನ್ನುತ್ತಿದ್ದೆ. ಅವರು ತಲೆಯಾಡಿಸಿ ತಮ್ಮ ಭಾಷೆಯಲ್ಲಿ ಉತ್ತರ ಕೊಡುತ್ತಿದ್ದರು. ಎರಡೂ ಕಡೆಯವರು ಮನಸ್ಸು ಹಗುರ ಮಾಡಿಕೊಳ್ಳುತ್ತಿದ್ದೆವು. ಇಂಗ್ಲಿಷ್ ಒಂದನ್ನು ಬಿಟ್ಟು ಉಳಿದದ್ದೆಲ್ಲ ಆ ಕೋಣೆಯಲ್ಲಿ ಧಾರಾಳವಾಗಿ ನಡೆಯುತ್ತಿತ್ತು.

ಮಾನ್ಯರೇ, ತಾವು ತಪಾಸಣೆಗೆ ಬಂದದ್ದು ಸರಿಯಾಗಿ ಆ ವಾರ. ನೆನಪಿರಬಹುದು. ಹಜಾರದ ಸೋಫಾದಲ್ಲಿ ಕೂತಿರಿ. ಕಾಫಿ ತಂದುಕೊಟ್ಟರು. ನಲವತ್ತು ನಿಮಿಷ ಪರದೆ ನೋಡಿದಿರಿ. ಲಿಫ್ಟ್ ಕೆಟ್ಟಿರಲಿಲ್ಲ, ಆದರೂ ಮೇಲೆ ಬರಲಿಲ್ಲ. ಹೋಗುವಾಗ ಅಕಾಡೆಮಿಯ ಮ್ಯಾನೇಜರರ ಪುಸ್ತಕದಲ್ಲಿ ನನ್ನ ತರಗತಿಯ ಬಗ್ಗೆ ಸ್ವಂತ ಕೈಯಿಂದ ಬರೆದಿರಿ: 'ಅತ್ಯುತ್ತಮ ನಿಯಂತ್ರಣ. ಇತರರಿಗೆ ಮಾದರಿ.' ಆ ಪುಟದ ಪ್ರತಿ ನನ್ನ ಬಳಿ ಇದೆ. ಆ ನಲವತ್ತು ನಿಮಿಷ ಒಳಗೆ ನಡೆದ ಮಾತುಕತೆಯ ಪ್ರತಿ ಅದೃಷ್ಟವಶಾತ್ ಯಾರ ಬಳಿಯೂ ಇಲ್ಲ.

ಆ ಸಂಜೆ ಅತ್ತೆಗೆ ಫೋನ್ ಮಾಡಿ ನನ್ನ ಸಾಧನೆ ಹೇಳಿಕೊಂಡೆ. ನಮ್ಮತ್ತೆ ನಿವೃತ್ತ ಮುಖ್ಯೋಪಾಧ್ಯಾಯಿನಿ. ಮೂವತ್ತಾರು ವರ್ಷ ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಇದ್ದವರು. ಪೂರ್ತಿ ಕೇಳಿಸಿಕೊಂಡರು.

"ಅವರು ಬೈದಾಗ ನೀನು ನಗ್ತೀಯಾ?"

"ಹಾಗೇ ಮಾಡಬೇಕಂತೆ ಅತ್ತೆ. ಕೈಪಿಡಿಯಲ್ಲಿದೆ."

"ಕೈಪಿಡಿಗೇನ್ ಗೊತ್ತು? ಬೈದ್ರೂ ನಗೋ ಟೀಚರನ್ನ ಯಾವ ಮಗು ತಾನೇ ನಂಬುತ್ತೆ? ಬೈದಿದ್ದು ಕೇಳಿಸ್ತು ಅಂತ ಹೇಳು ಮೊದ್ಲು. ಕೇಳಿಸ್ಲಿ ಅಂತಾನೇ ಬೈಯೋದು ಕಣೇ ಮಕ್ಕಳು."

ಮರುದಿನ ಡ್ರೈವರಣ್ಣನ ಹತ್ತಿರ ಮಕ್ಕಳು ಬಳಸುವ ಏಳು ಬೈಗುಳಗಳನ್ನು ಬರೆಸಿಕೊಂಡೆ. ಅವರು ಎರಡಕ್ಕೆ ಕಿವಿ ಕೆಂಪಗೆ ಮಾಡಿಕೊಂಡರು. ತರಗತಿಗೆ ಹೋಗಿ ಏಳನ್ನೂ ಬೋರ್ಡಿನ ಮೇಲೆ ಅವರ ಲಿಪಿಯಲ್ಲೇ ದಪ್ಪಕ್ಷರದಲ್ಲಿ ಬರೆದು, ಮುಗುಳ್ನಗೆ ತೆಗೆದು, "ಓದಿ" ಎಂದೆ.

ನಾನು ಬಂದ ಮೇಲೆ ಮೊದಲ ಬಾರಿಗೆ ಹನ್ನೆರಡು ಮಂದಿಯೂ ನಿಜವಾಗಿ ಬೋರ್ಡು ನೋಡಿದರು. ಕಿಟಕಿಯ ಪಕ್ಕ ಒಬ್ಬಳು ಎತ್ತರದ ಹುಡುಗಿ ಕೂರುತ್ತಾಳೆ. ಉಳಿದವರೆಲ್ಲ ಅವಳ ಮುಖ ನೋಡಿಯೇ ನಗುವುದು, ಸುಮ್ಮನಾಗುವುದು. ಅರ್ಜಿ ವಿಚಾರಣೆಗೆ ಕೂತವಳಂತೆ ಕಾಣುವುದರಿಂದ ಮನಸ್ಸಿನಲ್ಲೇ ಅವಳಿಗೆ ಕಲೆಕ್ಟರ್ ಎಂದು ಹೆಸರಿಟ್ಟಿದ್ದೆ. ಮೊದಲು ಬಾಯಿ ಬಿಟ್ಟದ್ದು ಅವಳೇ. ತಡವರಿಸುವ ಇಂಗ್ಲಿಷಿನಲ್ಲಿ ಮಾತಾಡಿದಳು, ನಾನದನ್ನು ಕನ್ನಡದಲ್ಲಿ ಕೊಡುತ್ತಿದ್ದೇನೆ.

"ಮಿಸ್, ಅಳಿಸಿ."

"ಯಾಕೆ? ದಿನಾ ಹೇಳೋದೇ ತಾನೆ?"

"ಅಮ್ಮ ಕೆಳಗಿದಾರೆ. ನೀವು ಪಕ್ಕಕ್ಕೆ ಸರಿದ್ರೆ ಬೋರ್ಡು ಕಾಣುತ್ತೆ."

ನಾನು ಅಳಿಸಲಿಲ್ಲ. ಅವಳು ಕ್ಯಾಮೆರಾ ನೋಡಿದಳು, ನನ್ನನ್ನು ನೋಡಿದಳು, ನನ್ನ ಕುರ್ಚಿಯ ಮೇಲಿದ್ದ ಕೋಟನ್ನು ಎಳೆದುಕೊಂಡು ಹಿಂದೆ ಹೋಗಿ, ಬೆಂಚಿನ ಮೇಲೆ ಹತ್ತಿ ಕ್ಯಾಮೆರಾಕ್ಕೆ ಹೊದಿಸಿದಳು. ತಮ್ಮ ಸಾಕ್ಷಿಚಿತ್ರ ಹುಟ್ಟಿದ್ದು ಹೀಗೆ. ಕೋಟು ನನ್ನದು, ಕೈ ಅವಳದು. ಅವಳನ್ನು ತಡೆಯದೆ ಬಿಟ್ಟದ್ದು ನಾನು. ಅದಕ್ಕೆ ಶಿಕ್ಷೆ ಕೊಡುವುದಾದರೆ ಕೊಡಿ, ಆದರೆ ಆ ಹನ್ನೊಂದು ನಿಮಿಷದಲ್ಲಿ ನಿಯಂತ್ರಣ ತಪ್ಪಿತ್ತೆಂದು ಮಾತ್ರ ಹೇಳಬೇಡಿ.

"ಬೈಯೋದಿದ್ರೆ ಬೈಯಿರಿ," ಎಂದೆ. "ಇಂಗ್ಲಿಷಲ್ಲಿ. ಪೂರ್ತಿ ವಾಕ್ಯ. ಕಾರಣ ಹೇಳ್ಬೇಕು. ಕಾರಣ ಇಲ್ದಿದ್ರೆ ಮಾರ್ಕ್ಸ್ ಇಲ್ಲ."

ಮೊದಲು ಯಾರೂ ನಂಬಲಿಲ್ಲ. ಆಮೇಲೆ ಮುಂದಿನ ಸಾಲಿನ ಗುಂಡು ಮುಖದವನು ಎದ್ದ. "ನಿಮ್ಮ ಕ್ಲಾಸು ಬೋರು. ಯಾಕಂದ್ರೆ ನೀವು ಪ್ರಶ್ನೆ ಕೇಳಿ ಉತ್ತರಾನೂ ನೀವೇ ಹೇಳ್ತೀರಿ." ನಿಜ. ಮಾರ್ಕ್ಸ್ ಕೊಟ್ಟೆ. ಇನ್ನೊಬ್ಬಳು, "ನಿಮ್ಮ ನಗು ಕಂಡ್ರೆ ಭಯ ಆಗುತ್ತೆ, ಯಾಕಂದ್ರೆ ಕಣ್ಣು ನಗಲ್ಲ." ಅದೂ ನಿಜ. ಕೈಗಳು ಒಂದೊಂದಾಗಿ ಮೇಲೆ ಬಂದವು. ಒಬ್ಬರನ್ನೊಬ್ಬರು ತಿದ್ದಿದರು, ಪದ ಸಿಗದಾಗ ನನ್ನನ್ನೇ ಕೇಳಿದರು. ನನ್ನನ್ನು ಬೈಯಲು ಬೇಕಾದ ಪದಗಳನ್ನು ನಾನೇ ಬೋರ್ಡಿನ ಮೇಲೆ ಒದಗಿಸಿದೆ. ಕೊನೆಗೆ ಕಲೆಕ್ಟರ್ ಎದ್ದಳು.

"ನನಗೆ ನಿಮ್ಮ ಮೇಲೆ ಕೋಪ ಇಲ್ಲ," ಎಂದಳು. "ಯಾಕಂದ್ರೆ ನೀವು ಆರನೆಯವರು."

ಅರ್ಥವಾಗಲಿಲ್ಲವೆಂದೆ.

"ಎರಡು ವರ್ಷದಲ್ಲಿ ಆರು ಟೀಚರ್. ಪ್ರತಿ ಸಲ ಒಂದನೇ ಪಾಠದಿಂದ ಶುರು. 'ನನ್ನ ಕುಟುಂಬ.' ನನ್ನ ತಮ್ಮನ ವಯಸ್ಸು ಆರು ಜನಕ್ಕೆ ಹೇಳಿದೀನಿ. ಆರು ಜನಾನೂ ಚೆನ್ನಾಗಿದೆ ಅಂದ್ರು. ಅವನಿಗೆ ಎಷ್ಟು ವಯಸ್ಸು, ಹೇಳಿ ನೋಡೋಣ?"

ನನಗೆ ಗೊತ್ತಿರಲಿಲ್ಲ. ಮೊದಲ ದಿನ ಅವಳು ಹೇಳಿದ್ದಳು. ನಾನು ಬಾಗಿಲ ಮೇಲಿನ ಗಡಿಯಾರ ನೋಡಿಕೊಂಡು "ಚೆನ್ನಾಗಿದೆ" ಎಂದಿದ್ದೆ.

ಹೊಸದಾಗಿ ಬಂದ ಶಿಕ್ಷಕರು ಮಕ್ಕಳ ಪರಿಚಯಕ್ಕಾಗಿ ಒಂದನೇ ಪಾಠದಿಂದಲೇ ಆರಂಭಿಸಬೇಕೆಂಬ ನಿಯಮ ಕೈಪಿಡಿಯ ಪುಟ ನಾಲ್ಕರಲ್ಲಿದೆ. ಶಿಕ್ಷಕರು ನಾಲ್ಕು ತಿಂಗಳಿಗೊಮ್ಮೆ ಬದಲಾದರೆ ಈ ಪರಿಚಯ ಏನಾಗುತ್ತದೆ ಎಂಬುದು ಯಾವ ಪುಟದಲ್ಲೂ ಇಲ್ಲ. ತಮ್ಮ ಮನೆಯ ಬಾಗಿಲಿಗೆ ವರ್ಷಕ್ಕೆ ಮೂರು ಬಾರಿ ಹೊಸಬರೊಬ್ಬರು ಬಂದು, ಮನೆಯಲ್ಲಿ ಎಷ್ಟು ಜನ, ಯಾರ್ಯಾರು, ಏನು ಮಾಡುತ್ತಾರೆ ಎಂದು ಕೇಳಿ, ಕಾಣೆಯಾದರೆ ತಾವು ಎಷ್ಟನೆಯವರಿಗೆ ಗೌರವ ಕೊಟ್ಟು ಉತ್ತರಿಸುತ್ತೀರಿ? ಮೂರನೆಯವರಿಗೆ? ನಾಲ್ಕನೆಯವರಿಗೆ? ಈ ಮಕ್ಕಳು ಆರನೆಯವಳಿಗೂ ಉತ್ತರಿಸಿದ್ದಾರೆ. ತಾಳ್ಮೆಯ ವಿಷಯದಲ್ಲಿ ಅವರು ನಮ್ಮಿಬ್ಬರಿಗಿಂತ ಮೇಲು.

ಮೆಟ್ಟಿಲಿನಲ್ಲಿ ಹೆಜ್ಜೆ ಕೇಳಿಸಿತು. ಕಲೆಕ್ಟರ್ ಕೋಟು ತೆಗೆದಳು, ನಾನು ಬೋರ್ಡು ಒರೆಸಿದೆ. ಮ್ಯಾನೇಜರರು ಬಾಗಿಲು ತೆರೆದಾಗ ಹನ್ನೆರಡು ಬೆನ್ನುಗಳು ನೆಟ್ಟಗಿದ್ದವು. ಕೋಟು ಯಾರದೆಂದು ಕೇಳಿದರು. ನನ್ನದೆಂದೆ. ವಿಚಾರಣೆ ಅಲ್ಲಿಗೆ ಮುಗಿಯಿತು.

ಆಮೇಲೆ ಮಕ್ಕಳು ದೇವತೆಗಳಾದರೆಂದು ನಾನು ಹೇಳುವುದಿಲ್ಲ. ಈಗಲೂ ಅಣಕಿಸುತ್ತಾರೆ. ಆದರೆ ಇಂಗ್ಲಿಷಿನಲ್ಲಿ, ಕಾರಣ ಸಹಿತ. ಮೊನ್ನೆ ಗುಂಡು ಮುಖದವನು, "ಮಿಸ್, ನಿಮ್ಮ ಕೈಬರಹ ಜೇಡ ಬಿದ್ದು ಸತ್ತ ಹಾಗಿದೆ, ಯಾಕಂದ್ರೆ ಎಲ್ಲಾ ಅಕ್ಷರಕ್ಕೂ ಎಂಟು ಕಾಲಿದೆ" ಎಂದ. ಹತ್ತಕ್ಕೆ ಒಂಬತ್ತು ಕೊಟ್ಟೆ. ಹೋಮ್‌ವರ್ಕ್ ಹನ್ನೆರಡರಲ್ಲಿ ಎಂಟು ಬರುತ್ತಿದೆ. ಪರದೆಯ ಮೇಲೆ ಮಾತ್ರ ನಮ್ಮ ಚೌಕ ಹದಗೆಟ್ಟಿದೆ. ಮಕ್ಕಳು ಏಳುತ್ತಾರೆ, ಕೈ ಬೀಸುತ್ತಾರೆ, ನಗುತ್ತಾರೆ. ಹಾಗಾಗಿ ಇಂಗ್ಲಿಷ್ ಇಲ್ಲದ ತರಗತಿಗೆ ತಾವು 'ಅತ್ಯುತ್ತಮ' ಎಂದು ಬರೆದಿರಿ, ಇಂಗ್ಲಿಷ್ ಬಂದ ತರಗತಿಗೆ 'ನಿಯಂತ್ರಣವಿಲ್ಲ' ಎಂದು ಬರೆದಿದ್ದೀರಿ. ಎರಡಕ್ಕೂ ಒಂದೇ ಸಹಿ.

ಕಲೆಕ್ಟರ್ ವಿಷಯ ಬಯಲು ಮಾಡಿದೆನೆಂದು ಯಾರೂ ಆತಂಕಪಡಬೇಕಿಲ್ಲ. ತಮ್ಮ ಪತ್ರ ಬಂದ ದಿನವೇ ಅವಳು ಹೋಗಿ ಅಮ್ಮನಿಗೆ ಎಲ್ಲ ಹೇಳಿದಳು, ಏಳು ಬೈಗುಳ ಸಮೇತ. ಅಮ್ಮ ಮೊದಲು ಅವಳಿಗೆ ಚೆನ್ನಾಗಿ ಉಗಿದು, ಆಮೇಲೆ ತಮಗೆ ಪತ್ರ ಬರೆದರು. ಅವರಿಗೂ ಒಂದು ಸೆಕೆಂಡಿನಲ್ಲಿ ಉತ್ತರ ಬಂದಿದೆ. ಈ ಬಹಿರಂಗ ಪತ್ರಕ್ಕೆ ಕಲೆಕ್ಟರ್ ಹತ್ತಿರ ಅನುಮತಿ ಕೇಳಿದಾಗ, "ಬರೀರಿ. ಆದ್ರೆ ಪೂರ್ತಿ ವಾಕ್ಯ ಬರೀರಿ" ಎಂದಳು.

ಆದ್ದರಿಂದ ನನ್ನ ಬೇಡಿಕೆ. ಇನ್ನೊಮ್ಮೆ ಬನ್ನಿ. ಸೋಫಾದಲ್ಲಿ ಕೂರಬೇಡಿ, ಮೂರನೇ ಮಹಡಿಗೆ ಬಂದು ಹಿಂದಿನ ಬೆಂಚಿನಲ್ಲಿ ನಲವತ್ತು ನಿಮಿಷ ಕೂರಿ. ಮಕ್ಕಳು ತಮ್ಮ ಬಗ್ಗೆಯೂ ಒಂದೆರಡು ವಾಕ್ಯ ಹೇಳಬಹುದು, ಮನಸ್ಸಿಗೆ ಹಚ್ಚಿಕೊಳ್ಳಬಾರದು. ಆಮೇಲೆ ನನ್ನ ಕಡತದಲ್ಲಿ ಏನು ಬರೆಯಬೇಕೋ ಬರೆಯಿರಿ. ನನಗಿಂತ ಮುಂಚೆ ಬಂದುಹೋದ ಐವರ ಕಡತಗಳೂ ತಮ್ಮ ಕಪಾಟಿನಲ್ಲಿವೆ. ಅವುಗಳಲ್ಲಿ ಎಷ್ಟರಲ್ಲಿ 'ನಿಯಂತ್ರಣವಿಲ್ಲ' ಎಂದಿದೆ ಎಂದು ದಯವಿಟ್ಟು ಎಣಿಸಿ ನೋಡಿ.

ನನ್ನ ಜಾಗಕ್ಕೆ ತಾವು ಕೊಟ್ಟಿರುವ ಜಾಹೀರಾತನ್ನೂ ನೋಡಿದ್ದೇನೆ. ಒಂದು ವೇಳೆ ಇದಾವುದೂ ಆಗದೆ ಏಳನೆಯವರು ಹೊರಡುವುದೇ ಖಚಿತವಾದರೆ, ಅವರ ಕೈಪಿಡಿಯಲ್ಲಿ ಒಂದು ಸಾಲು ಸೇರಿಸಿ ಕಳುಹಿಸಿ. ಕಿಟಕಿಯ ಪಕ್ಕ ಕೂರುವ ಎತ್ತರದ ಹುಡುಗಿಯ ತಮ್ಮನಿಗೆ ಒಂಬತ್ತು ವರ್ಷ. ಮುಂದಿನ ತಿಂಗಳು ಹತ್ತು ತುಂಬುತ್ತದೆ. ಅವಳನ್ನು ಮತ್ತೆ ಕೇಳುವುದು ಬೇಡ.

ಇಂತಿ,
ಕಡತದ ಪ್ರಕಾರ ಒಮ್ಮೆ ಮಾದರಿ, ಒಮ್ಮೆ ಅಯೋಗ್ಯ,
ತರಗತಿಯ ಪ್ರಕಾರ ಆರನೆಯವಳು