ಖಾಲಿ ಹೊಟ್ಟೆಯ ಪಾಠ

ಹಾವೇರಿ, ಮಂಗಳವಾರ

ದೊಡ್ಡಮ್ಮಾ, ನಿನ್ನ ಡಾಕ್ಟರ್ ಮಗಳ ಮಾನ ಇವತ್ತು ಹೋಯಿತು.

ಜಠರದ ಕ್ಯಾನ್ಸರ್‌ಗೆ ವಿಕಿರಣ ಚಿಕಿತ್ಸೆ ಕೊಡುವಾಗ ರೋಗಿಯ ಹೊಟ್ಟೆ ದಿನವೂ ಖಾಲಿ ಇರಬೇಕು, ಉಂಡರೆ ಗಡ್ಡೆ ಜಾಗ ಬದಲಿಸುತ್ತದೆ ಎಂದು ಇಲ್ಲಿನ ಆಸ್ಪತ್ರೆಯ ತರಬೇತಿಯಲ್ಲಿ ಆರು ವೈದ್ಯರಿಗೆ ಬೆಳಿಗ್ಗೆಯೆಲ್ಲ ಕೊರೆದೆ. ಐರಣಿಯಿಂದ ಬಂದ ರೋಗಿ ಸೋಮಪ್ಪ, ಪಾಪ, ನೀರೂ ಮುಟ್ಟದೆ ಕೂತಿದ್ದರು. ಬಿಡುವಿನಲ್ಲಿ ಅವರ ಹೆಂಡತಿ ಮಂಗಳವ್ವ ಬುತ್ತಿ ಬಿಚ್ಚಿ, "ಅವರಂತೂ ಈಗ ಉಣ್ಣಂಗಿಲ್ಲ, ನೀವರ ಒಂದ್ ರೊಟ್ಟಿ ತಿನ್ರಿ" ಎಂದು ಕೈಹಿಡಿದು ಕೂರಿಸಿದರು. ಒಂದು ಹೋಗಿ ಮೂರಾಯಿತು, ಬ್ಯಾಡಗಿ ಮೆಣಸಿನಕಾಯಿ ಚಟ್ನಿ ಜೊತೆ.

ಆಮೇಲೆ, ತಿಂದದ್ದನ್ನೇ ಮರೆತು, ಖಾಲಿ ಹೊಟ್ಟೆ ಹೇಗಿರುತ್ತದೆ ತೋರಿಸುತ್ತೇನೆಂದು ಜಂಬದಿಂದ ನಾನೇ ಅಲ್ಟ್ರಾಸೌಂಡ್‌ಗೆ ಮಲಗಿದೆ! ಪರದೆಯ ಮೇಲೆ ಕುಂಬಳಕಾಯಿಯಂಥ ಹೊಟ್ಟೆ.

"ಇದ್ಯಾವ ಗಡ್ಡಿರಿ ಮೇಡಂ, ಇಷ್ಟ್ ದೊಡ್ಡದು?" ಎಂದರು ಡಾಕ್ಟರ್ ರುದ್ರಮುನಿ.

"ರೊಟ್ಟಿ" ಎಂದೆ.

ಬಾಗಿಲಲ್ಲಿ ಸರದಿ ಕಾಯುತ್ತಿದ್ದ ಸೋಮಪ್ಪ ಹೊಟ್ಟೆ ಹಿಡಿದು ನಕ್ಕರು. "ನಾಳೆ ನೀವೂ ಉಪವಾಸ ಬರ್ರಿ ಮೇಡಮ್ಮಾರ. ನನ್ನ ಕೆಲಸ ಮುಗದಮ್ಯಾಲ ಕೂಡೇ ಉಣ್ಣೂಣು."

ನಾನು ಆರೋಗ್ಯವಾಗಿದ್ದೇನೆ, ಖಾರಕ್ಕೆ ಎದೆಯುರಿ ಅಷ್ಟೆ. ಕಾರ್ಡಿನಲ್ಲಿ ಜಾಗ ಮುಗಿಯಿತು. ನಾಳೆ ನನಗೆ ತಿಂಡಿ ಬೇಡವೆಂದು ಲಾಡ್ಜಿನವರಿಗೆ ಹೇಳಿ ಬಂದೆ.

ನಳಿನಿ