ರಿಝ್ವಾನನ ರಕ್ತ

ಓಲ್ಡ್ ಏರ್‌ಪೋರ್ಟ್, ದೋಹಾ
೧೪ ನವೆಂಬರ್ ೨೦೨೪, ಗುರುವಾರ

ಪ್ರೀತಿಯ ಸವಾದ್,

ಅಸ್ಸಲಾಮು ಅಲೈಕುಂ. ಹೇಗಿದ್ದೀಯಾ? ಉಮ್ಮನ ಮೊಣಕಾಲು ನೋವು ಕಡಿಮೆಯಾಯಿತೇ? ಗುಳಿಗೆಯನ್ನು ಊಟವಾದ ಮೇಲೆಯೇ ಕೊಡು, ಖಾಲಿ ಹೊಟ್ಟೆಗೆ ಬೇಡ. ಫೋನ್ ಇರುವಾಗ ಅಕ್ಕ ಕಾಗದ ಯಾಕೆ ಬರೆದಳು ಎಂದು ನಿನಗೆ ಅನ್ನಿಸಬಹುದು. ನಾನು ಕರೆ ಮಾಡಿದರೆ ಸಾಕು, ಉಮ್ಮ ಸ್ಪೀಕರ್ ಹಾಕಿಸಿ ಪಕ್ಕದಲ್ಲಿ ಕೂತುಬಿಡುತ್ತಾರೆ. ಇದು ಅವರ ಕಿವಿಗೆ ಬೀಳಬಾರದು. ಅದಕ್ಕೇ ಊರಿಗೆ ಹೊರಟ ಸರ್ಫರಾಝ್ ಕೈಯಲ್ಲಿ ಕಳಿಸುತ್ತಿದ್ದೇನೆ. ಒಬ್ಬನೇ ಕೂತು ಓದು.

ರಿಝ್ವಾನ್ ರಾಸ್ ಲಫಾನಿನ ಗ್ಯಾಸ್ ಪ್ಲಾಂಟಿನಲ್ಲಿ ಡ್ಯೂಟಿಯಲ್ಲಿದ್ದಾನೆ, ಅಲ್ಲಿ ಫೋನ್ ಬಿಡುವುದಿಲ್ಲ ಎಂದು ಉಮ್ಮನಿಗೆ ಹೇಳುತ್ತಿದ್ದೆನಲ್ಲ, ಅದು ಸುಳ್ಳು. ನಿನ್ನ ಅಣ್ಣ ಒಂದು ತಿಂಗಳಿಂದ ಆಸ್ಪತ್ರೆಯಲ್ಲಿದ್ದಾನೆ. ಮೊದಲು ಪ್ಲಾಂಟಿನ ಏಣಿ ಹತ್ತುವಾಗ ಏದುಸಿರು ಬರುತ್ತಿತ್ತಂತೆ. ಆಮೇಲೆ ಎಲ್ಲೂ ತಾಗದೆ ತೋಳಿನಲ್ಲಿ ನೀಲಿ ಕಲೆ, ಹಲ್ಲುಜ್ಜಿದರೆ ಬಾಯಿ ತುಂಬ ರಕ್ತ. ಬಿಸಿಲಿಗೆ ಹಾಗಾಗುತ್ತದೆ ಎಂದು ಸುಮ್ಮನಿದ್ದ. ಜ್ವರ ಬಂದು ಬಿದ್ದ ಮೇಲೆ ರೂಮಿನವರು ಎತ್ತಿಕೊಂಡು ಹೋದರು.

ರಕ್ತವೆಂದರೆ ಒಂದೇ ಎಂದುಕೊಂಡಿದ್ದೆ, ಸವಾದ್. ಮಲಯಾಳಿ ಡಾಕ್ಟರಮ್ಮ ನನ್ನನ್ನು ಕೂರಿಸಿ ನಿಧಾನವಾಗಿ ಹೇಳಿದರು. ನಾವು ಎಳೆದ ಉಸಿರನ್ನು ಮೈಯೆಲ್ಲ ಹೊತ್ತೊಯ್ಯುವುದು ಕೆಂಪು ಕಣ. ಜ್ವರ, ಸೋಂಕಿನ ಜೊತೆ ಹೋರಾಡುವುದು ಬಿಳಿ ಕಣ. ಗಾಯವಾದಲ್ಲಿ ಹೆಪ್ಪುಗಟ್ಟಿಸಿ ರಕ್ತ ನಿಲ್ಲಿಸುವುದು ಪ್ಲೇಟ್‌ಲೆಟ್. ಇವೆಲ್ಲ ತೇಲುವುದು ಪ್ಲಾಸ್ಮಾ ಎಂಬ ಹಳದಿ ನೀರಿನಲ್ಲಿ. ಆ ನೀರು ಇವನಲ್ಲಿ ಇದೆ, ಕಣಗಳೇ ಇಲ್ಲ. ಅವು ಹುಟ್ಟುವುದು ಮೂಳೆಯೊಳಗಿನ ಮಜ್ಜೆಯಲ್ಲಿ, ಅದೇ ಬರಿದಾಗಿದೆ. ‘ಖಲಾಸ್ ಅಕ್ಕ, ಪ್ಲಾಂಟೇ ಶಟ್‌ಡೌನ್’ ಎಂದು ನಗುತ್ತಾನೆ. ನಕ್ಕಾಗ ಒಸಡಿನಿಂದ ರಕ್ತ ಬರುತ್ತದೆ.

ಅವನ ರೂಮಿನ ಕಾಸ್ಮಿರ್, ನಮ್ಮ ಶಿರ್ವದ ಕಡೆಯವ, ಪ್ಲೇಟ್‌ಲೆಟ್ ಕೊಟ್ಟ. ಒಂದು ಕೈಯಿಂದ ರಕ್ತ ಮೆಷಿನ್‌ಗೆ ಹೋಗಿ, ಬೇಕಾದ್ದನ್ನು ಅಲ್ಲಿ ಬಿಟ್ಟು, ಉಳಿದದ್ದು ಅವನಿಗೇ ವಾಪಸು. ಚೀಲದಲ್ಲಿ ನೋಡಿದೆ, ಗಂಜಿ ತಿಳಿಗೆ ಅರಿಶಿನ ಹಾಕಿದ ಹಾಗಿತ್ತು. ಅದು ಏರಿದರೆ ಮೂಗಿನ ರಕ್ತ ನಿಲ್ಲುತ್ತದೆ, ಎರಡು ದಿನ ಕಳೆದರೆ ಮತ್ತೆ ಶುರು. ಕೆಂಪು ಕಣವನ್ನೂ ಹೀಗೇ ಕೊಡುತ್ತಾರೆ. ಬಿಳಿ ಕಣ ಹಾಗೆ ತುಂಬಿಸಿ ಉಳಿಸಲು ಬರುವುದಿಲ್ಲವಂತೆ. ಆದ್ದರಿಂದ ಯಾರ ಶೀತವೂ ಅವನಿಗೆ ತಾಗಬಾರದು. ನನ್ನ ನಹ್ಲಾಳನ್ನು ವಾರ್ಡಿಗೆ ಬಿಡುವುದಿಲ್ಲ. ಮಗು ಪಾರ್ಕಿಂಗ್‌ನಲ್ಲಿ ನಿಂತು ಕೈಬೀಸುತ್ತದೆ, ಇವನು ಗಾಜಿಗೆ ಹಣೆ ಒತ್ತಿ ನಿಲ್ಲುತ್ತಾನೆ. ಮೊನ್ನೆ ನಿಲ್ಲಲೂ ಆಗಲಿಲ್ಲ.

ಈಗ ಉಳಿದಿರುವುದು ಒಂದೇ ದಾರಿ, ಹೊಂದುವ ಮಜ್ಜೆ ಹಾಕುವುದು. ಒಡಹುಟ್ಟಿದವರಲ್ಲಿ ನಾಲ್ವರಿಗೆ ಒಬ್ಬರದ್ದು ಹೊಂದಬಹುದಂತೆ. ಸೂಜಿ ಕಂಡರೆ ನಿನಗೆ ತಲೆ ತಿರುಗುತ್ತದೆ ಎಂದು ನನಗೆ ಗೊತ್ತು ಮಾರಾಯ. ಪರೀಕ್ಷೆಗೆ ಕೆನ್ನೆಯ ಒಳಗೆ ಹತ್ತಿ ಒರೆಸಿದರೂ ಸಾಕಂತೆ. ಡಾಕ್ಟರ ಚೀಟಿ ಇದರ ಜೊತೆಗಿದೆ, ಮಂಗಳೂರಿನ ಆಸ್ಪತ್ರೆಯಲ್ಲಿ ತೋರಿಸು. ‘ಅವನನ್ನು ಹೆದರಿಸಬೇಡ, ಚಿಕ್ಕವನು’ ಎಂದು ರಿಝ್ವಾನ್ ನನ್ನನ್ನು ಗದರಿದ. ಆದರೂ ಬರೆಯುತ್ತಿದ್ದೇನೆ.

ಉಮ್ಮನಿಗೆ ನನ್ನ ಸಲಾಂ. ಐದು ಹೊತ್ತಿನ ನಮಾಝಿನಲ್ಲೂ ಅವನ ಹೆಸರು ಹೇಳಿ ದುಆ ಮಾಡು. ಅಲ್ಲಾಹು ನಿನ್ನನ್ನು ಕಾಯಲಿ.

ನಿನ್ನ ಅಕ್ಕ,
ರುಕಿಯಾ

ತಾ.ಕ.: ಸರ್ಫರಾಝ್ ಕೆಳಗೆ ಹಾರ್ನ್ ಹಾಕುತ್ತಿದ್ದಾನೆ. ಇದನ್ನು ಬರೆಯಬಾರದೆಂದಿದ್ದೆ, ಆಗಲಿಲ್ಲ. ನನ್ನ ಪರೀಕ್ಷೆ ಆಗಿದೆ, ನನ್ನದು ಅವನಿಗೆ ಪೂರ್ತಿ ಹೊಂದುತ್ತದೆ. ಆದರೆ ನಾನು ಮೂರು ತಿಂಗಳ ಬಸುರಿ, ಊರಲ್ಲಿ ಯಾರಿಗೂ ಹೇಳಿಲ್ಲ. ಬಸುರಿಯಿಂದ ಮಜ್ಜೆ ತೆಗೆಯುವುದಿಲ್ಲ, ಹೆರಿಗೆಯ ತನಕ ಅವನು ಉಳಿಯುವುದು ಕಷ್ಟ ಎಂದರು ಡಾಕ್ಟರಮ್ಮ. ನಹ್ಲಾ ಹುಟ್ಟಿದ ಮೇಲೆ ಎಷ್ಟೋ ವರ್ಷ ಕಾದ ಮಗು ಇದು. ನಿನ್ನ ಹಸೈನಾರ್ ಭಾವ ‘ನೀನು ಹೇಗೆ ಹೇಳ್ತೀಯೋ ಹಾಗೆ’ ಎಂದು ಮುಖ ತಿರುಗಿಸಿ ಅತ್ತರು. ರಿಝ್ವಾನನಿಗೆ ಇದು ತಿಳಿಯದು. ತಿಳಿದರೆ ಮದ್ದನ್ನೇ ಬಿಟ್ಟಾನು. ನಿನ್ನದು ಹೊಂದಿದರೆ ನಾನು ಇಬ್ಬರಲ್ಲಿ ಒಬ್ಬರನ್ನು ಆರಿಸಬೇಕಾಗಿಲ್ಲ. ಓದಿದ ದಿನವೇ ಹೋಗು, ಸವಾದ್. ಹೊಂದದಿದ್ದರೆ ನನಗೊಬ್ಬಳಿಗೇ ಹೇಳು.