ಆಣೆ ಹೊತ್ತ ಫೋನು

ಗೋಕಾಕ, ಬಸ್ ಸ್ಟ್ಯಾಂಡಿನ ಎದುರಿನ ಹೋಟೆಲು
ಬುಧವಾರ, ೪-೨-೨೦೨೬, ಮಧ್ಯಾಹ್ನ ಹನ್ನೆರಡೂವರೆ

ಮುದ್ದಿನ ಮೊಮ್ಮಗಳು ಮಯೂರಿಗೆ ನಿನ್ನ ಆಯಿಯ ಆಶೀರ್ವಾದಗಳು.

ಹೇಗಿದ್ದೀ ಮಗಳೇ? ಕಾಲಿನ ಬಾವು ಇಳಿಯಿತೇ? ಎಡ ಮಗ್ಗುಲಿಗೇ ಮಲಗುತ್ತೀ ತಾನೇ? ಬಾಳೇಶ ದ್ರಾಕ್ಷಿ ಗಾಡಿ ಹೊಡೆಯುವ ಭರದಲ್ಲಿ ನಿನ್ನ ಊಟ ಮರೆಯುತ್ತಿಲ್ಲವಷ್ಟೇ? ಕೂಸು ಇನ್ನೂ ಅಡ್ಡವೇ ಇದೆಯೋ, ನೆಟ್ಟಗೆ ತಿರುಗಿತೋ? ಇದನ್ನೆಲ್ಲ ಕೇಳಿ ಉಪಯೋಗವಿಲ್ಲ ಎಂದು ನನಗೂ ಗೊತ್ತು. ನಾಳೆ ಬೆಳಿಗ್ಗೆ ನಿನ್ನ ಆಪರೇಷನ್, ಈ ಪತ್ರ ನಾಸಿಕ ಮುಟ್ಟುವುದು ಶನಿವಾರವೋ ಸೋಮವಾರವೋ. ಆದರೂ ಕ್ಷೇಮ ಕೇಳದೆ ಸುದ್ದಿ ಬರೆಯಬಾರದು ಎಂದು ಮೂವತ್ತೆರಡು ವರ್ಷ ಶಾಲೆಯ ಮಕ್ಕಳಿಗೆ ಕಲಿಸಿದವಳು ನಾನು, ಈಗ ನಾನೇ ತಪ್ಪಿದರೆ ಹೇಗೆ?

ಮೂಡಲಗಿಯಲ್ಲಿ ನಾವು ಚೆನ್ನಾಗಿದ್ದೇವೆ. ನಿನ್ನ ಅಜ್ಜ ದಾದಾಸಾಹೇಬರೂ ಚೆನ್ನಾಗಿದ್ದಾರೆ, ಅವರ ಸಿಟ್ಟು ಅವರಿಗಿಂತ ಚೆನ್ನಾಗಿದೆ. ನೀನು ಬೆಲ್ಲದ ಬಾಗೇವಾಡಿಯ ಬಾಳೇಶನನ್ನು ಮದುವೆಯಾದ ದಿನ "ಆಕಿ ಹೆಸರು ಈ ಮನಿಯಾಗ ಎತ್ತಬ್ಯಾಡ" ಎಂದರಲ್ಲ, ಎರಡು ವರ್ಷವಾದರೂ ಎತ್ತಿಲ್ಲ, ಎತ್ತಗೊಟ್ಟಿಲ್ಲ. ಆದರೆ ಮೊನ್ನೆ ಪೇಪರು ಓದುತ್ತಾ ಗೋಡೆಗೆ ಹೇಳಿದಂತೆ "ನಾಸಿಕದಾಗ ಭಾಳ ಥಂಡಿ ಬಿದ್ದೈತಂತ" ಎಂದರು. ನಾನೂ ಗೋಡೆಗೇ "ಹೌದಂತ್ರಿ" ಎಂದೆ. ನಮ್ಮ ಮನೆಯಲ್ಲಿ ನಿನ್ನ ಬಗ್ಗೆ ನಡೆದ ಮಾತುಕತೆ ಇಷ್ಟೇ. ನೀನು ಕೊಟ್ಟ ಸಿಮ್ ಇಲ್ಲದ ಫೋನು ಜೋಳದ ಡಬ್ಬಿಯಲ್ಲಿ ಭದ್ರವಾಗಿದೆ. ಮನೆಯ ಇನ್ನೊಂದು ಫೋನು ಅವರ ಅಂಗಿಯ ಕಿಸೆ ಬಿಟ್ಟು ಹೊರಗೆ ಬರುವುದಿಲ್ಲ.

ಶನಿವಾರ ನೀನು ಫೋನಿನಲ್ಲಿ ಅತ್ತದ್ದು ಇನ್ನೂ ಕಿವಿಯಲ್ಲಿದೆ. "ಆಯಿ, ನಮ್ಮವ್ವ ನನ್ನ ಹಡಿಯಾಕ ಒಳಗ ಹೋದಾಕಿ ಹೊರಗ ಬರಲಿಲ್ಲ. ನಾ ಒಳಗ ಹೋಗೂಕ್ಕಿಂತ ಮೊದಲ ನಿನ್ನ ಮಾರಿ ಒಮ್ಮಿ ನೋಡಬೇಕು" ಎಂದೆ. ಬುಧವಾರ ಒಂದು ಗಂಟೆಗೆ ವಿಡಿಯೋ ಕರೆ ಮಾಡುತ್ತೇನೆ ಎಂದು ನಾನು ಮಾತು ಕೊಟ್ಟೆ. ಮಾತು ಕೊಟ್ಟ ಮರುದಿನವೇ ಪೈಪು ಹೂಳಲು ಬಂದ ಜೆಸಿಬಿ ಶುಭಮ್‌ನ ಝೆರಾಕ್ಸ್ ಅಂಗಡಿಯ ಇಂಟರ್‌ನೆಟ್ ವೈರು ಕಿತ್ತುಹಾಕಿತು. ಪ್ರವಚನ ಕೇಳುತ್ತೇನೆ ಎಂದು ಸುಳ್ಳು ಹೇಳಿ ಮೂರು ತಿಂಗಳು ಅಲ್ಲಿ ನಿನ್ನ ಮುಖ ನೋಡಿದ್ದೆ. ಸುಳ್ಳಿಗೆ ಇಷ್ಟು ದಿನ ವೈಫೈ ಸಿಕ್ಕಿದ್ದೇ ಹೆಚ್ಚು. ಮೂರು ದಿನ ಕಾದೆ, ಸರಿಯಾಗಲಿಲ್ಲ. ಅದಕ್ಕೇ ಇವತ್ತು ಕಣ್ಣು ತೋರಿಸಿಕೊಂಡು ಬರುತ್ತೇನೆಂದು ಹೇಳಿ ಗೋಕಾಕದ ಬಸ್ಸು ಹತ್ತಿದೆ. ಈ ಹೋಟೆಲಿನಲ್ಲಿ ಪುಕ್ಕಟೆ ವೈಫೈ ಇದೆ ಎಂದು ಬಾಗಿಲಲ್ಲೇ ಬರೆದಿದ್ದಾರೆ.

ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರಲ್ಲ, ಹಾಗಾಯಿತು. ಫೋನಿಗೆ ವೈಫೈ ಹತ್ತಿತು, ಆದರೆ ಮೊದಲು ಒಂದು ಪುಟ ತೆರೆದುಕೊಳ್ಳಬೇಕಂತೆ, ಅದರಲ್ಲಿ ನಂಬರು ಹಾಕಿದರೆ ಮಾತ್ರ ಒಳಗೆ ಬಿಡುತ್ತಾರಂತೆ. ಆ ಪುಟವೇ ಬರಲಿಲ್ಲ. ಗಲ್ಲಾಪೆಟ್ಟಿಗೆಯ ಮುಂದೆ ಕೂತಿದ್ದ ಉಮೇಶ ಎಂಬಾತ ನನ್ನ ಪರದಾಟ ನೋಡಲಾರದೆ ಎದ್ದು ಬಂದ. ಮೀಸೆ ನೆರೆತವನು, ಒಳ್ಳೆಯವನು. ಫೋನು ತಿರುವಿ ನೋಡಿ "ಅಜ್ಜಿ, ಇದರಾಗ ಯಾರೋ ಪ್ರೈವೇಟ್ ಡಿಎನ್‌ಎಸ್ ಹಾಕ್ಯಾರ್ರಿ. ಅದನ್ನ ಬಂದ್ ಮಾಡೂತನಾ ಪೇಜ್ ತೆರಿಯಂಗಿಲ್ಲ" ಎಂದ. ನನಗೆ ತಿಳಿಯಲಿಲ್ಲ ಎಂದಾಗ ಬಿಡಿಸಿ ಹೇಳಿದ: "ಹೊಸ ಊರಿಗೆ ಹೋದ್ರ ದಾರಿ ಯಾರನ್ನರ ಕೇಳಬೇಕಲ್ರಿ? ಈ ವೈಫೈ ನಮ್ಮ ಮನಷ್ಯಾನ್ನ ಕೇಳು ಅಂತೈತಿ. ನಿಮ್ಮ ಫೋನು ಮನಿಯವರು ಹೇಳಿದವನ್ನ ಬಿಟ್ಟು ಯಾರನ್ನೂ ಕೇಳಂಗಿಲ್ಲ ಅಂತೈತಿ. ಬಂದ್ ಮಾಡಲೇನ್ರಿ? ಎರಡ ಸೆಕೆಂಡಿನ ಕೆಲಸ." ಅವನ ಬೆರಳು ಅದರ ಮೇಲೆ ಹೋಗುವಷ್ಟರಲ್ಲಿ ನಾನು ಫೋನು ಕಸಿದುಕೊಂಡೆ. ಅವನು ಗಾಬರಿಯಾದ.

ಅವನಿಗೇನು ಗೊತ್ತು? ಹೋದ ವರ್ಷ ಇದೇ ಊರಿನ ಯಾವುದೋ ಪುಕ್ಕಟೆ ವೈಫೈಯಲ್ಲಿ ಫೋನಿಗೆ ವೈರಸ್ ಹೊಕ್ಕಿದೆ ಎಂದು ಕೆಂಪು ಪುಟ ಬಂದು, ನಾನು ಹೆದರಿ ಕೇಳಿದಲ್ಲೆಲ್ಲ ಒತ್ತುತ್ತಾ ಹೋಗಿ, ನಿನ್ನ ತಾಯಿಯ ಫೋಟೋಗಳೆಲ್ಲ ಅಳಿಸಿಹೋದವು. ದೀಪಾವಳಿಗೆ ನೀವಿಬ್ಬರೂ ಕದ್ದು ಬಂದು ಬಸ್ ಸ್ಟ್ಯಾಂಡಿನಲ್ಲಿ ನನಗೆ ಸಿಕ್ಕಾಗ ಬಾಳೇಶ ಫೋನು ಸರಿ ಮಾಡಿ, ಅಂಥ ಪುಟಗಳು ಮತ್ತೆ ಬರದಂತೆ ಈ ಡಿಎನ್‌ಎಸ್ ಹಾಕಿಕೊಟ್ಟ. ನಿನಗೆ ನನ್ನ ಮೇಲೆ ನಂಬಿಕೆ ಇರಲಿಲ್ಲ. ನನ್ನ ಒಂದು ಕೈ ನಿನ್ನ ತಲೆಯ ಮೇಲೆ, ಇನ್ನೊಂದು ಕೈ ಹೊಟ್ಟೆಯ ಮೇಲೆ ಇರಿಸಿಕೊಂಡು "ಯಾರ ಹೇಳಿದ್ರೂ ಇದನ್ನ ತಗಿಯಂಗಿಲ್ಲ ಅಂತ ಆಣಿ ಮಾಡು" ಎಂದೆ. ನೀನು ನಗುತ್ತಿದ್ದೆ, ನಾನೂ ನಗುತ್ತಲೇ ಆಣೆ ಮಾಡಿದೆ. ಅಷ್ಟರಲ್ಲಿ ಕೂಸು ನನ್ನ ಅಂಗೈಗೆ ಒದ್ದಿತು.

ಮಾತುಮಾತಿಗೆ ಆಣೆ ಇಡಬೇಡಿರಿ, ಅದೆಲ್ಲ ಮೂಢನಂಬಿಕೆ ಎಂದು ತರಗತಿಯಲ್ಲಿ ಬೈಯುತ್ತಿದ್ದವಳು ನಾನು. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ. ನಾಳೆ ನಿನ್ನನ್ನು ಅದೇ ಹೊಟ್ಟೆ ಕೊಯ್ಯಲು ಒಳಗೆ ಒಯ್ಯುತ್ತಾರೆ, ಇವತ್ತು ನಾನು ಆಣೆ ಮುರಿಯಲೇ? ನಿನ್ನ ತಾಯಿಯನ್ನು ಒಳಗೆ ಕಳಿಸುವಾಗ ಧೈರ್ಯವಾಗಿಯೇ ಇದ್ದೆ, ಆ ಧೈರ್ಯ ಏನಾಯಿತೆಂದು ಗೊತ್ತಲ್ಲ. ಮುರಿಯದಿದ್ದರೆ ನೀನು ಆಯಿಯ ಮುಖ ಕಾಣದೆ ಹೆದರಿಕೊಂಡೇ ಒಳಗೆ ಹೋಗುತ್ತೀ. ಇತ್ತ ದರಿ, ಅತ್ತ ಪುಲಿ. ಉಮೇಶ ತನ್ನ ಫೋನಿನಿಂದ ನಿನಗೆ ಕರೆ ಮಾಡಿದ. ನೀನು ಕತ್ತರಿಸಿದೆ, ಮತ್ತೆ ಮಾಡಿದರೆ ಹೋಗಲೇ ಇಲ್ಲ, ಆ ನಂಬರನ್ನೇ ಬ್ಲಾಕ್ ಮಾಡಿದ್ದೀ. ತಪ್ಪು ನಿನ್ನದಲ್ಲ, ನಮ್ಮ ಮಂದಿ ಹೊಸ ಹೊಸ ನಂಬರುಗಳಿಂದ ಬೈದ ಬೈಗುಳ ಒಂದೇ ಎರಡೇ. ಬಾಳೇಶನೂ ಹಾಗೆಯೇ ಕತ್ತರಿಸಿದ. ಉಮೇಶ ತನ್ನ ಫೋನಿನ ಇಂಟರ್‌ನೆಟ್ಟನ್ನೇ ನನ್ನ ಫೋನಿಗೆ ಕೊಡಲು ನೋಡಿದ. ಪಾಪ, ಅವನ ಡೇಟಾ ಬೆಳಗಿನ ಒಂಬತ್ತಕ್ಕೇ ಮುಗಿದಿತ್ತು, ಅವನೂ ಈ ಪುಕ್ಕಟೆ ವೈಫೈ ನೆಚ್ಚಿಕೊಂಡವನೇ. ಮೂರನೆಯ ಚಹಾ ತಣ್ಣಗಾಗಿದೆ. ನಮೋಕಾರ ಮಂತ್ರ ಎಣಿಸುತ್ತಾ ಕುಳಿತಿದ್ದೇನೆ, ಎಣಿಕೆ ತಪ್ಪುತ್ತಿದೆ. ಏನೂ ಮಾಡಲಾರದೆ ಈ ನೋಟ್‌ಬುಕ್ಕಿನ ಹಾಳೆ ಹರಿದು ಬರೆಯಲು ಕುಳಿತೆ ಮಗಳೇ. ಬರೆಯುವುದೊಂದೇ ನನಗೆ ಸರಿಯಾಗಿ ಬರುವ ಕೆಲಸ.

ಒಂದಕ್ಕೆ ಇನ್ನು ಐದು ನಿಮಿಷ. ಕರದಂಟು ಕೊಂಡಿದ್ದೇನೆ, ಬೇರೆ ಪಾರ್ಸೆಲ್ಲಿನಲ್ಲಿ ಕಳಿಸುತ್ತೇನೆ, ಬಾಣಂತಿಗೆ ಒಳ್ಳೆಯದು. ಬಾಳೇಶನಿಗೆ ತಿನ್ನಲು ಬಿಡು, ಆದರೆ ಪೂರಾ ಡಬ್ಬಿ ಬಿಡಬೇಡ. ಅವನಿಗೂ ಅವನ ತಂದೆ ಭೀಮಶಿಯವರಿಗೂ ನನ್ನ ನಮಸ್ಕಾರ ತಿಳಿಸು. ಪದ್ಮಾವತಿ ತಾಯಿ ನಿನ್ನನ್ನೂ ನಿನ್ನ ಕೂಸನ್ನೂ ಮಡಿಲಲ್ಲಿಟ್ಟು ಕಾಯಲಿ. ನೂರು ವರ್ಷ ಬಾಳು.

ನಿನ್ನ ಆಯಿ,
ಪದ್ಮವ್ವ

ತಾ.ಕ.: ಎರಡರ ಬಸ್ಸು ಬಂದು ನಿಂತಿದೆ, ಗಡಿಬಿಡಿಯಲ್ಲಿ ಬರೆಯುತ್ತಿದ್ದೇನೆ. ತಾಳಲಾರದೆ ಒಂದೂ ಹತ್ತಕ್ಕೆ ಆ ಡಿಎನ್‌ಎಸ್ ತೆಗೆದುಬಿಟ್ಟೆ. ಪಾಪ ಬಂದರೆ ಉಮೇಶನಿಗೆ ಬರಬಾರದೆಂದು ನನ್ನ ಬೆರಳಿನಿಂದಲೇ ತೆಗೆದೆ. ಪುಟ ಬಂತು, ಅವನು ತನ್ನ ನಂಬರು ಹಾಕಿದ, ಒಳಗೆ ಬಿಟ್ಟರು. ನಿನಗೆ ಮೂರು ಸಲ ಮಾಡಿದೆ. ಹೊಡೆದುಕೊಂಡಿತು, ನೀನು ಎತ್ತಲಿಲ್ಲ. ಬಾಳೇಶನೂ ಎತ್ತಲಿಲ್ಲ. ಆಣೆ ಮುರಿದದ್ದಕ್ಕೇ ಹೀಗಾಯಿತೋ ಎಂದು, ತೆಗೆಯುವ ಮೊದಲು ಬರೆದಿಟ್ಟುಕೊಂಡಿದ್ದ ಅದರ ಇಂಗ್ಲಿಷ್ ಹೆಸರನ್ನು ಒಂದೊಂದೇ ಅಕ್ಷರ ನೋಡಿ ಮೊದಲಿನಂತೆಯೇ ಹಾಕಿಬಿಟ್ಟೆ. ಹಾಕಿದ ಕೂಡಲೇ ಇಂಟರ್‌ನೆಟ್ ಇಲ್ಲ ಎಂದು ಬಂತು. ಆಮೇಲೆ ನೀನು ತಿರುಗಿ ಮಾಡಿದೆಯೋ ಇಲ್ಲವೋ ತಿಳಿಯುವ ದಾರಿ ನನಗಿಲ್ಲ. ತೆಗೆದದ್ದು ಏಳೆಂಟು ನಿಮಿಷ ಮಾತ್ರ ಮಗಳೇ. ಉತ್ತರವನ್ನು ಮನೆಯ ವಿಳಾಸಕ್ಕೇ ಬರೆ, ನಿನ್ನ ಅಜ್ಜ ನೋಡಿದರೆ ನೋಡಲಿ. ಲಕೋಟೆಯ ಮೇಲೆ ಮಾತ್ರ ನಿನ್ನ ಕೈಬರಹವೇ ಇರಲಿ. ಬಾಳೇಶನ ಅಕ್ಷರ ಕಂಡರೆ ನನಗೆ ಅದನ್ನು ಒಡೆಯಲು ಆಗುವುದಿಲ್ಲ.